ಹದಿನೇಳನೆಯ ಭಾಗ

ಶಿಗ್ಗಾಂವಿಯ ಬಸ್ ನಿಲ್ದಾಣದ ಹಿಂದೆ ಒಂದು ಹಿಟ್ಟಿನ ಗಿರಣಿಯಿದೆ. ಹೋದ ತಿಂಗಳು ಅದರ ಮುಂದೆ ನಿಂತಿದ್ದಾಗ ಬೆಲ್ಟು ಜಾರಿ ರಬ್ಬರು ಸುಟ್ಟ ವಾಸನೆ ಬಂತು. ವಾಸನೆ ನೆನಪನ್ನು ಕರೆದು ತರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಅದು ತಂದದ್ದು ಕೆಮ್ಮನ್ನು. ನೆನಪನ್ನು ಆಮೇಲೆ, ಸವಣೂರಿನ ಬಸ್ಸಿನಲ್ಲಿ ಕುಳಿತು, ನಾನೇ ಒಂದೊಂದಾಗಿ ಜೋಡಿಸಿದೆ. ಆದ್ದರಿಂದ ಕೆಳಗಿನದನ್ನು ಓದುವವರು ಜೋಡಿಸಿದವನ ಮೇಲೆ ಒಂದು ಕಣ್ಣಿಟ್ಟಿರಬೇಕು.

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಮಳೆಗಾಲ. ಆಗಸ್ಟಿನ ಮಘಿ ಮಳೆ ಹಿಡಿದಿತ್ತು. ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ಯಂತ್ರ ತಯಾರಿಸುವ ಒಂದು ಶೆಡ್ಡು ಶಿಗ್ಗಾಂವಿಯ ಹೊರಗೆ ಹೆದ್ದಾರಿಯ ಪಕ್ಕದಲ್ಲಿತ್ತು. ಮಾಲೀಕ ವಿರೂಪಾಕ್ಷಪ್ಪ ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರನ್ನು ತರಿಸಿದ್ದರು. ಅದು ಹೊಸದಲ್ಲ. ಯಾವುದೋ ಕಾರ್ಖಾನೆಯವರು ಬೇಡವೆಂದು ಬಿಟ್ಟದ್ದು. ಕರಿಯ ಪರದೆಯ ಮೇಲೆ ಅರಿಶಿನ ಬಣ್ಣದ ಗೆರೆ ಮೂಡಿಸುತ್ತಿತ್ತು. ಡ್ರಾಫ್ಟ್ಸ್‌ಮನ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಈ ವಿದ್ಯೆ ಕಲಿತಿದ್ದ ನನ್ನನ್ನು ಅದರ ಜೊತೆಗೇ ತರಿಸಿದರು. ನನಗೆ ಇಪ್ಪತ್ತಮೂರು ವರ್ಷ. ಹಾನಗಲ್ಲ ತಾಲೂಕಿನ ಆಡೂರಿನವನು. ಶೆಡ್ಡಿನವರು ಮೊದಲ ದಿನವೇ ನನ್ನ ಹೆಸರನ್ನು ಬದಿಗಿಟ್ಟು 'ಆಚಾರ್ರು' ಎಂದು ಕರೆದರು. ನಾನೂ ಬೇಡವೆನ್ನಲಿಲ್ಲ.

ಕೆಲಸ ಇಷ್ಟು. ಯಂತ್ರದ ಜೊತೆ ರೈತನಿಗೆ ಒಂದು ಪುಸ್ತಿಕೆ ಕೊಡಬೇಕು. ಅದರಲ್ಲಿ ಯಂತ್ರವನ್ನು ಬಿಚ್ಚಿ ಗಾಳಿಯಲ್ಲಿ ತೇಲಿಬಿಟ್ಟಂತೆ ಒಂದು ಚಿತ್ರ ಇರಬೇಕು. ಶಾಫ್ಟಿನಿಂದ ಗಾಲಿ ಒಂದು ಗೇಣು ಈಚೆ, ಗಾಲಿಯಿಂದ ವಾಷರು ಎರಡು ಬೆರಳು ಈಚೆ. ಯಾವುದು ಯಾವುದರೊಳಗೆ ಹೋಗುತ್ತದೆ ಎಂದು ತೋರಿಸಲು ನಡುವೆ ಚುಕ್ಕೆ ಗೆರೆ. ಪ್ರತಿ ಭಾಗಕ್ಕೂ ಒಂದು ಅಂಕಿ. ಈಗಿನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಎಳೆದರೆ ಭಾಗಗಳು ತಾವೇ ಹಾರಿ ದೂರ ನಿಲ್ಲುತ್ತವೆ, ಮತ್ತೆ ಎಳೆದರೆ ತಾವೇ ಬಂದು ಕೂಡಿಕೊಳ್ಳುತ್ತವೆ. ಅಂದಿನದಕ್ಕೆ ಆ ಬುದ್ಧಿ ಇರಲಿಲ್ಲ. ಒಂದೊಂದು ಗೆರೆಯನ್ನೂ ಓರೆಯಾಗಿ ನಾವೇ ಎಳೆಯಬೇಕು. ಒಂದು ಭಾಗದ ಗೆರೆಗಳನ್ನೆಲ್ಲ ಒಂದು ಗುಂಪು ಮಾಡಿ ಕಟ್ಟಬೇಕು. ಆಮೇಲೆ ಇಷ್ಟು ದೂರ ಸರಿ ಎಂದು ಅಂಕಿ ಕೊಟ್ಟು ಸರಿಸಬೇಕು.

ಆಡೂರಿಗೆ ಹೋದಾಗ ಅಪ್ಪನಿಗೆ ಇದನ್ನು ವಿವರಿಸಿದೆ. ಅವರು ಜೀವನವಿಡೀ ಹುಡುಗರಿಗೆ ಶ್ಲೋಕ ಬಿಡಿಸಿ ಹೇಳಿಕೊಟ್ಟವರು. ನಕ್ಕರು.

"ಪದಚ್ಛೇದ ಅನ್ನು. ಶಬ್ದ ಬಿಡಿಸಿ ಇಡೋದು, ಯಾವುದಕ್ಕ ಯಾವುದು ಕೂಡತದ ಅಂತ ತೋರಸೋದು. ಇದಕ್ಕ ಕಂಪ್ಯೂಟರ್ ಯಾಕ ಬೇಕೋ?"

"ಒಂದು ಶಬ್ದ ಕಡಿಮೆ ಬಿದ್ದರ?"

"ಅಧ್ಯಾಹಾರ ಮಾಡಬೇಕು. ಅರ್ಥ ಪೂರ್ತಿ ಆಗಲಿಕ್ಕೆ ಒಂದು ಶಬ್ದ ನಾವ ಹಾಕಿಕೋಬೇಕು. ಆದರ ಹಾಕೀನಿ ಅಂತ ಹೇಳಿ ಹಾಕಬೇಕು. ಮೂಲದೊಳಗ ಅದ ಅನ್ನಬಾರದು."

ಅಪ್ಪ ಇದನ್ನು ಆ ಮಳೆಗಾಲದಲ್ಲೇ ಹೇಳಿದರೋ, ಎಷ್ಟೋ ವರ್ಷದ ಹಿಂದೆ ಹೇಳಿದ್ದನ್ನು ನಾನು ಇಲ್ಲಿ ತಂದು ಕೂರಿಸುತ್ತಿದ್ದೇನೋ, ಪ್ರಮಾಣ ಮಾಡಿ ಹೇಳಲಾರೆ. ಬಲು ಸರಿಯಾಗಿ ಕೂರುತ್ತಿದೆ. ಅದೇ ನನ್ನ ಅನುಮಾನ.

ಶೆಡ್ಡಿನಲ್ಲಿ ಯಂತ್ರಗಳನ್ನು ಜೋಡಿಸುತ್ತಿದ್ದವನು ಸವಣೂರಿನ ಭೀಮಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನಗೆ 'ರೀ' ಹಚ್ಚುತ್ತಿದ್ದ. ಈಗ ಬರೆಯುವಾಗ ಅದನ್ನು ಬಹುವಚನಕ್ಕೆ ತಿದ್ದಿದರೆ ಹಳೆಯ ನನ್ನನ್ನು ತೊಳೆದು ನಿಲ್ಲಿಸಿದಂತಾಗುತ್ತದೆ. ಹಾಗೇ ಇರಲಿ. ನನ್ನ ಮೇಜಿನ ಕೆಳಗೆ ನಾನು ಮನೆಯಿಂದ ತರುತ್ತಿದ್ದ ತಾಮ್ರದ ತಂಬಿಗೆ ಇರುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ನಾನು ಹೇಳಿದ್ದೂ ಇಲ್ಲ. ಹೇಳುವ ಅಗತ್ಯ ಬೀಳಲಿಲ್ಲ ಎನ್ನುವುದು ಹೆಚ್ಚು ನಿಜ. ಭೀಮಪ್ಪ ಸವಣೂರಿನಿಂದ ಒಂದು ಅಲ್ಯೂಮಿನಿಯಂ ಕ್ಯಾನಿನಲ್ಲಿ ನೀರು ತರುತ್ತಿದ್ದ.

ಅವನು ಆಗಾಗ ನನ್ನ ಬೆನ್ನ ಹಿಂದೆ ಬಂದು ನಿಂತು ಪರದೆ ನೋಡುತ್ತಿದ್ದ.

"ಆಚಾರ್ರ, ಈ ಚುಕ್ಕಿ ಚುಕ್ಕಿ ತಂತಿ ಯಾವ ಗೇಜಿಂದ್ರಿ?"

"ಅದು ತಂತಿ ಅಲ್ಲ, ದಾರಿ. ಇದು ಅದರಾಗ ಹೋಗ್ತದ ಅಂತ ತೋರಸಾಕ."

"ಹಂಗಾರ ಇಲ್ಲದ್ದನ್ನೂ ಬರೀತೀರಿ ಅನ್ರಿ. ನಾ ನಿನ್ನೆ ಇಡೀ ದಿನ ಅಂಥಾ ತಂತಿ ನಮ್ಮ ಸ್ಟೋರಿನ್ಯಾಗ ಹುಡುಕೇನಿ."

ಸ್ಟೋರು ನೋಡಿಕೊಳ್ಳುವವನು ನಗಾಡಿದ. ಭೀಮಪ್ಪನೂ ನಕ್ಕ. ಅವನು ಪರದೆಯ ಗಾಜಿನ ಮೇಲೆ ಬೆರಳಿಟ್ಟು ಭಾಗಗಳನ್ನು ಎಣಿಸಿ ನಲವತ್ತೊಂದು ಎಂದ. ಎಣಿಕೆ ಸರಿಯಾಗಿತ್ತು. ಗಾಜಿನ ಮೇಲೆ ಗ್ರೀಸಿನ ಗುರುತು ಉಳಿಯಿತು.

ಹುಬ್ಬಿ ಮಳೆಯ ಹೊತ್ತಿಗೆ ಬಿಡಿ ಭಾಗಗಳೆಲ್ಲ ಮುಗಿದಿದ್ದವು. ಇಂಗ್ಲಿಷ್ ಪುಸ್ತಕದ ಆಜ್ಞೆಗಳ ಪಟ್ಟಿಯಲ್ಲಿ 'ಎಕ್ಸ್‌ಪ್ಲೋಡ್' ಎಂಬ ಮಾತು ಕಂಡೆ. ಸಿಡಿಸು. ನನಗೆ ಬೇಕಾದದ್ದೇ ಅದು! ಇಡೀ ಯಂತ್ರವನ್ನು ಆರಿಸಿ ಆ ಆಜ್ಞೆ ಕೊಟ್ಟೆ. ಭಾಗಗಳು ಹಾರಿ ದೂರ ನಿಲ್ಲುತ್ತವೆ ಎಂದು ಕಾದೆ. ಪರದೆ ಒಮ್ಮೆ ಮಿಟುಕಿ ಮೊದಲಿನಂತೆಯೇ ನಿಂತಿತು. ಮತ್ತೆ ಕೊಟ್ಟೆ. ಏನೂ ಆಗಲಿಲ್ಲ. ಚಿತ್ರವನ್ನು ಉಳಿಸಿ ಊಟಕ್ಕೆ ಹೋದೆ.

ಮರುದಿನ ಗಾಲಿಯನ್ನು ಸರಿಸಿದರೆ ಗಾಲಿ ಬರಲಿಲ್ಲ. ಅದರ ಅಂಚಿನ ಒಂದು ತುಂಡು ಗೆರೆ ಮಾತ್ರ ಕಿತ್ತು ಬಂತು. ಶಾಫ್ಟು ಸರಿಸಿದರೆ ಒಂದು ಬದಿಯ ಗೆರೆಯಷ್ಟೇ ಬಂತು. ನೋಡಲು ಯಂತ್ರ ಇಡಿಯಾಗಿಯೇ ಇತ್ತು. ಒಳಗೆ ಯಾವ ಗೆರೆಗೂ ಯಾವ ಗೆರೆಯೊಂದಿಗೂ ಸಂಬಂಧ ಉಳಿದಿರಲಿಲ್ಲ. ಮೂರು ವಾರದ ಕೆಲಸ. ತಲೆ ಎತ್ತಿದರೆ ಗಾಜಿನ ಮೇಲೆ ಆ ಗ್ರೀಸಿನ ಬೆರಳು.

ನಾನು ಎದ್ದು ಹೋಗಿ ವಿರೂಪಾಕ್ಷಪ್ಪನವರಿಗೆ ಹೇಳಿದೆ: ಯಾರೋ ಕಂಪ್ಯೂಟರ್ ಮುಟ್ಟಿದ್ದಾರೆ. ಯಾರೆಂದು ಹೇಳಲಿಲ್ಲ. ಗಾಜಿನ ಮೇಲೆ ಗುರುತಿದೆ ಎಂದಷ್ಟೇ ಹೇಳಿದೆ.

ಅವರು ಬಂದು ನೋಡಿದರು. ಅಂದಿನಿಂದ ಆ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಅವರ ಉಡಿದಾರಕ್ಕೆ ಹೋಯಿತು. ಭೀಮಪ್ಪನನ್ನು ಕರೆದು ಏನೂ ಬೈಯಲಿಲ್ಲ. "ನಿನ್ನ ಕೆಲಸ ಆ ಕಡೆ ಐತಿ" ಎಂದರು. ಆಮೇಲೆ ಅವನು ಬಾಗಿಲ ಹೊರಗಿನಿಂದಲೇ ನನಗೆ ಬೇಕಾದ ಭಾಗಗಳನ್ನು ಎತ್ತಿ ತೋರಿಸುತ್ತಿದ್ದ. ಶೆಡ್ಡಿನಲ್ಲಿ ಯಾರಾದರೂ ಸ್ಪ್ಯಾನರ್ ಹುಡುಕತೊಡಗಿದರೆ ಮೊದಲು ಅವನ ಚೀಲದ ಕಡೆ ನೋಡುವುದು ರೂಢಿಯಾಯಿತು. ನಗು ನಿಂತಿತು.

ಇಪ್ಪತ್ತು ದಿನಗಳ ನಂತರ ಆ ಪುಸ್ತಕದಲ್ಲೇ ಓದಿದೆ. 'ಎಕ್ಸ್‌ಪ್ಲೋಡ್' ಎಂದರೆ ಭಾಗಗಳನ್ನು ದೂರ ಸರಿಸುವುದಲ್ಲ, ಕಟ್ಟಿದ ಗುಂಪನ್ನು ಬಿಚ್ಚಿ ಬಿಡಿ ಗೆರೆ ಮಾಡುವುದು. ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಚ್ಚಿದವನು ನಾನೇ. ಪುಸ್ತಕ ಮುಚ್ಚಿಟ್ಟೆ. ಹೇಳಲು ಒಳ್ಳೆಯ ಸಮಯಕ್ಕೆ ಕಾಯುತ್ತಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಯಾರೂ ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ.

ಹೊಸದಾಗಿ ಗುಂಪು ಕಟ್ಟುತ್ತ ಕುಳಿತೆ. ಆ ಕಂಪ್ಯೂಟರಿಗೆ ಇನ್ನೊಂದು ರೋಗವಿತ್ತು. ಅದರೊಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದರೆ ಸಾಕು, ಪರದೆಯ ಮೇಲೆ ೧೯೮೦ರ ಜನವರಿ ಒಂದನೇ ತಾರೀಖು ಮೂಡುತ್ತಿತ್ತು. ಶಿಗ್ಗಾಂವಿಯಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹೀಗೆ ಆ ಮಳೆಗಾಲದಲ್ಲಿ ನಾನು ಮಾಡಿದ ಕೆಲಸವೆಲ್ಲ ಒಂದೇ ದಿನ, ಅದೂ ಸುಮಾರು ಹತ್ತು ವರ್ಷ ಹಿಂದಿನ ದಿನ, ಆಗಿಹೋಗಿದೆ.

ಚಿತ್ತಿ ಮಳೆ ಮುಗಿದು ಗೋವಿನಜೋಳ ಕಣಕ್ಕೆ ಬಂತು. ಆ ಹಂಗಾಮಿನ ಮೊದಲ ಯಂತ್ರ ಹಿರೇಕೆರೂರಿಗೆ ಹೋಗಿತ್ತು. ಪುಸ್ತಿಕೆ ಇನ್ನೂ ತಯಾರಾಗಿರದ ಕಾರಣ ಹಾಗೇ ಕಳಿಸಿದ್ದರು. ಮೂರನೆಯ ದಿನ ಸುದ್ದಿ ಬಂತು. ಯಂತ್ರ ನಡೆಯುತ್ತಿದ್ದಾಗ ಶಾಫ್ಟಿನ ತುದಿಯಿಂದ ಗಾಲಿ ಕಳಚಿ ಹಾರಿ, ತೆನೆ ಹಾಕುತ್ತಿದ್ದ ನಿಂಗವ್ವ ಎಂಬ ಹೆಂಗಸಿನ ಬಲಗೈಯ ಎಲುಬು ಮುರಿದಿದೆ. ಬೆಲ್ಟು ಹೊತ್ತಿ ಕಣದ ತುಂಬ ವಾಸನೆ ಎಂದು ಸುದ್ದಿ ತಂದವನು ಹೇಳಿದ. ಆ ವಾಸನೆಯನ್ನು ನಾನು ಮೂಸಿಲ್ಲ, ಕೇಳಿದ್ದು ಮಾತ್ರ. ಆದರೂ ಹೋದ ತಿಂಗಳು ಗಿರಣಿಯ ಮುಂದೆ ನೆನಪಾದದ್ದು ಅದೇ.

ವಿರೂಪಾಕ್ಷಪ್ಪ ಅಂದೇ ಜೀಪಿನಲ್ಲಿ ಹೋಗಿ ಆ ಶಾಫ್ಟನ್ನು ಬಿಚ್ಚಿಸಿ ತಂದರು. ಅದು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮರುದಿನ ಹಾನಗಲ್ಲಿಗೆ ಹೋಗಬೇಕಿದ್ದ ಎರಡನೆಯ ಯಂತ್ರದ ಶಾಫ್ಟು ಲೇತ್ ಅಂಗಡಿಗೆ ಹೋಗಿ ಬಂತು. ತುದಿಯಲ್ಲಿ ಈ ಬದಿಯಿಂದ ಆ ಬದಿಗೆ ಒಂದು ತೂತು ಬಿದ್ದಿತ್ತು. ಗಾಲಿ ಹೊರಗೆ ಜಾರದಂತೆ ಆ ತೂತಿನಲ್ಲಿ ಒಂದು ಪಿನ್ನು ಹಾಕಿದ್ದರು. ಆಮೇಲೆ ವಿರೂಪಾಕ್ಷಪ್ಪ ಬಂದು ನನ್ನ ಕೋಣೆಯ ಬೀಗ ತೆಗೆದರು.

"ಆಚಾರ್ರ, ಚಿತ್ರದಾಗ ಒಂದು ಪಿನ್ನ ಹಾಕಿಬಿಡ್ರಿ. ಶಾಫ್ಟಿನ ತುದೀಗೆ."

"ಹೊಸಾದೇನ್ರಿ?"

"ಮುಂದಿನ ಮಷೀನಿಗೆಲ್ಲಾ ಹಾಕೂದೈತಿ. ಮತ್ತ ಮೂಲ್ಯಾಗ ತಾರೀಖ ಬರೀರಿ."

"ಇವತ್ತಿಂದಾ?"

"ಕಂಪ್ಯೂಟರ್ ಏನ್ ತೋರಸ್ತೈತಿ ಅದನ್ನ ಬರೀರಿ. ನಾವು ನಮ್ಮ ಮನಸಿಂದ ಬರಿಯೂದು ಬ್ಯಾಡ."

ಅವರು ಕೇಳಿದ್ದು ಅಷ್ಟೇ. ಕಾರಣ ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು, ಬರೆದರೆ ಸುಖವಾಗಿಯೂ ಇರುತ್ತದೆ. ಆದರೆ ಒಂದು ಸಣ್ಣ ಸಾಕ್ಷಿ ಅಡ್ಡ ಬರುತ್ತದೆ. ಚಿತ್ರದಲ್ಲಿ ನಲವತ್ತೊಂದು ಭಾಗಗಳಿದ್ದವು. ಹೊಸ ಪಿನ್ನಿಗೆ ನಲವತ್ತೆರಡು ಎಂದು ಕೊಟ್ಟಿದ್ದರೆ ಅದು ಆಮೇಲೆ ಸೇರಿದ್ದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಶಾಫ್ಟು ಹದಿನಾರು. ಪಿನ್ನಿಗೆ ಹದಿನೇಳು ಕೊಟ್ಟೆ. ಆಮೇಲಿನ ಇಪ್ಪತ್ತೈದು ಅಂಕಿಗಳನ್ನೂ ಒಂದೊಂದಾಗಿ ಅಳಿಸಿ ತಿದ್ದಿದೆ. ಅರ್ಧ ದಿನ ಹಿಡಿಯಿತು. ಗೊತ್ತಿಲ್ಲದವನು ಅಷ್ಟು ಶ್ರಮ ಪಡುತ್ತಾನೆಯೇ? ಅಥವಾ ಅಚ್ಚುಕಟ್ಟಿನ ಹುಚ್ಚೇ ಅಂಥದೇ? ಎರಡನ್ನೂ ಬರೆದಿಟ್ಟಿದ್ದೇನೆ.

ಹುಬ್ಬಳ್ಳಿಗೆ ಹೋಗಿ, ಪೆನ್ನು ಹಿಡಿದು ತಾನೇ ಬರೆಯುವ ಯಂತ್ರದಲ್ಲಿ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ತೆಗೆಸಿಕೊಂಡು ಬಂದೆ. ಮರುದಿನವೇ ಜೀಪು ಹಿರೇಕೆರೂರಿಗೆ ಹೊರಟಿತು. ಮುಂದೆ ವಿರೂಪಾಕ್ಷಪ್ಪ ಮತ್ತು ನಾನು, ಹಿಂದೆ ಭೀಮಪ್ಪ. ಜೀಪು ಬಂಕಾಪುರ ದಾಟಿತು. ಆಮೇಲೆ ವಿರೂಪಾಕ್ಷಪ್ಪ ಮುಂದಿನ ಗಾಜನ್ನೇ ನೋಡುತ್ತ ಹೇಳಿದರು:

"ಪಿನ್ನ ಹಾಕೂದು ಮರತಿದ್ಯಲ್ಲೋ ಭೀಮ್ಯಾ. ಒಪ್ಪಿಕೊಂಡ್ರ ಅಲ್ಲೇ ಮುಗೀತೈತಿ. ಇಲ್ಲಾಂದ್ರ ಪೊಲೀಸರ ಮುಂದ ಹೇಳಬೇಕಾಕ್ಕೈತಿ."

"ಯಾವ ಪಿನ್ನ್ರಿ?"

"ಕಂಪ್ಯೂಟರಿಗೆ ಕೈ ಹಚ್ಚಾಂವಗ ಪಿನ್ನ ಯಾವುದು ಗೊತ್ತಿಲ್ಲೇನ?"

ನಾನು ಹೊರಗೆ ನೋಡಿದೆ. ಹೊರಗೆ ಹತ್ತಿಯ ಹೊಲ ಇತ್ತು.

ಹಿರೇಕೆರೂರಿನಲ್ಲಿ ನಿಂಗವ್ವನ ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತೆವು. ನಡುವೆ ಹನುಮಗೌಡರೆಂಬ ಹಿರಿಯರು. ಯಂತ್ರ ಕೊಂಡವರು ಅವರೇ. ನಿಂಗವ್ವ ಬಾಗಿಲ ಹತ್ತಿರ, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದಳು. ವಿರೂಪಾಕ್ಷಪ್ಪ ಹಾಳೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರು.

"ನೋಡ್ರಿ ಗೌಡ್ರ. ನಮ್ಮ ಮಷೀನಿನ್ಯಾಗ ಪಿನ್ನ ಮೊದಲಿಂದ ಐತಿ. ಹದಿನೇಳು ನಂಬರ. ಕಟ್ಟಾಂವ ಹಾಕಿಲ್ಲ, ಅಂದ್ರ ಈ ಕೈ ಮುರದಾಂವ ಅಂವ."

ಗೌಡರು ಕನ್ನಡಕ ಹಾಕಿಕೊಂಡು ಮೂಲೆಯ ತಾರೀಖು ನೋಡಿದರು.

"ಎಂಬತ್ತನೇ ಇಸವಿ ಜನವರಿ? ಆವಾಗ ನಿನ್ನ ಶೆಡ್ಡ ಎಲ್ಲಿತ್ತೋ? ಅಲ್ಲಿ ಎಮ್ಮಿ ಮೇಯತಿದ್ವು."

"ಕಂಪ್ಯೂಟರ್ ಸುಳ್ಳ ಹೇಳೂದಿಲ್ರಿ."

"ಹಂಗಾರ ಎಮ್ಮಿ ಸುಳ್ಳ ಹೇಳಿರಬೇಕು ತಗಿ."

ಎಲ್ಲರೂ ನಕ್ಕರು. ನಿಂಗವ್ವ ನಗಲಿಲ್ಲ.

"ನನ್ನ ಕೈ ಹೋತು. ನೀವು ಹಾಳಿ ನೋಡಿ ನಗಾಕತ್ತೀರಿ" ಎಂದಳು. ನಗು ನಿಂತಿತು. "ರೊಟ್ಟಿ ಬಡಿಯೂ ಕೈ ಅದು. ಪಿನ್ನ ಹಾಕದಾಂವ ಯಾಂವ ಅಂತ ಹೇಳ್ರಿ. ನಾ ಅವನ ಮಾರಿ ನೋಡಬೇಕು."

ವಿರೂಪಾಕ್ಷಪ್ಪ ಭೀಮಪ್ಪನ ಕಡೆ ಕೈ ತೋರಿಸಿದರು. ಅವನು ಅಲ್ಲಿಯವರೆಗೆ ಪಡಸಾಲೆಯ ಕೆಳಗೆ ಅಂಗಳದಲ್ಲಿ ನಿಂತಿದ್ದ. ಮೇಲೆ ಬಾ ಎಂದು ಯಾರೂ ಕರೆದಿರಲಿಲ್ಲ. ಅವನೇ ಮೆಟ್ಟಿಲು ಹತ್ತಿ ಬಂದು ಹಾಳೆಯ ಮುಂದೆ ಮಂಡಿಯೂರಿದ. ಹದಿನೇಳರ ಮೇಲೆ ಬೆರಳಿಟ್ಟ. ಅಲ್ಲಿಂದ ಚುಕ್ಕೆ ಗೆರೆಯ ಗುಂಟ ಉಗುರು ಎಳೆಯುತ್ತ ಹೋಗಿ ಹದಿನಾರರ ಮೇಲೆ, ಶಾಫ್ಟಿನ ತುದಿಯಲ್ಲಿ ನಿಂತ. ಬಹಳ ಹೊತ್ತು ನೋಡಿದ.

"ಪಿನ್ನ ಐತಿ. ದಾರೀನೂ ಐತಿ. ಇದು ಹೋಗೂ ತೂತು ಎಲ್ಲೈತ್ರಿ?"

ಎಲ್ಲರೂ ಬಗ್ಗಿದರು. ಆ ಹಾಳೆಯಲ್ಲಿ ಅತಿ ಸಣ್ಣ ಬೋಲ್ಟಿನ ತೂತನ್ನೂ ನಾನು ಬರೆದಿದ್ದೆ. ಜರಡಿಯ ತೂತುಗಳನ್ನು ಕೂಡ. ಶಾಫ್ಟಿನ ತುದಿ ಮಾತ್ರ ನುಣ್ಣಗಿತ್ತು. ಹದಿನೇಳನೆಯ ಭಾಗ ಗಾಳಿಯಲ್ಲಿ ತೇಲುತ್ತ, ಒಳಗೆ ಹೋಗಲು ಜಾಗವಿಲ್ಲದ ಕಬ್ಬಿಣದ ಮುಂದೆ ನಿಂತಿತ್ತು.

"ಬರಿಯೂದು ಮರತಾರ್ರಿ ಆಚಾರ್ರು" ಎಂದರು ವಿರೂಪಾಕ್ಷಪ್ಪ. "ಹೌದಲ್ರಿ ಆಚಾರ್ರ? ಹೇಳ್ರಿ."

ಇಲ್ಲಿ ನನ್ನ ನೆನಪು ಬಹಳ ಸ್ಪಷ್ಟವಾಗಿದೆ. ಅದಕ್ಕೇ ಇಲ್ಲಿ ಎಚ್ಚರ ಬೇಕು. ನಾನು ಎದ್ದು ನಿಂತೆ. ಗೌಡರನ್ನು ನೋಡಿ ಹೇಳಿದೆ: "ನಾ ನೋಡಿದ ಶಾಫ್ಟಿಗೆ ತೂತು ಇರಲಿಲ್ಲ. ಪಿನ್ನು ಆಮ್ಯಾಲ ಹಾಕಿದ್ದು." ತೂತನ್ನು ಬೇಕೆಂದೇ ಬಿಟ್ಟಿದ್ದೆ, ಸುಳ್ಳಿನೊಳಗೆ ಒಂದು ಸಾಕ್ಷಿ ಇರಲಿ ಎಂದು ಬಿಟ್ಟಿದ್ದೆ. ಈ ಕತೆಯನ್ನು ನಾನು ಹೆಂಡತಿಗೆ ಹೇಳಿದ್ದೇನೆ, ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವಾಗ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತ ಬಂದಿದೆ.

ಆಮೇಲಿನದಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿ. "ತೂತಿಲ್ಲದ ಪಿನ್ನಿನ ಮಾತು ಮುಗೀತು" ಎಂದು ಗೌಡರು ಹಾಳೆ ಮಡಚಿ ಭೀಮಪ್ಪನ ಕೈಗೆ ಕೊಟ್ಟರು. ಕೈ ಸರಿಹೋಗುವವರೆಗೆ ನಿಂಗವ್ವನನ್ನು ನೋಡಿಕೊಳ್ಳುವುದಾಗಿ ವಿರೂಪಾಕ್ಷಪ್ಪ ಒಪ್ಪಿದರು. ಕೈ ಕೂಡಿತು, ಸೊಟ್ಟಗೆ ಕೂಡಿತು. ಭೀಮಪ್ಪ ವಾಪಸು ಜೀಪು ಹತ್ತಲಿಲ್ಲ. ಕ್ಯಾನು ಹಿಡಿದು ಬಸ್ ನಿಲ್ದಾಣದ ಕಡೆ ನಡೆದ. ದೀಪಾವಳಿಗೆ ಮೊದಲು ನಾನೂ ಶೆಡ್ಡು ಬಿಟ್ಟೆ.

ಹೋದ ತಿಂಗಳು ಬಸ್ಸು ಸವಣೂರಿಗೆ ಬಂದಾಗ ಮಧ್ಯಾಹ್ನ. ವಿಚಾರಿಸಿದರೆ ಮೊದಲು ಸಿಕ್ಕವನೇ ಭೀಮಪ್ಪನ ರಿಪೇರಿ ಅಂಗಡಿ ತೋರಿಸಿದ. ಎಪ್ಪತ್ತು ದಾಟಿದ ಮುದುಕ ಒಂದು ಪಂಪನ್ನು ಬಿಚ್ಚಿ, ಗೋಣಿತಾಟಿನ ಮೇಲೆ ಭಾಗಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಒಂದಕ್ಕೊಂದು ನಡುವೆ ಎರಡೆರಡು ಬೆರಳು ಜಾಗ. ಗೋಡೆಯ ಮೇಲೆ ಬುದ್ಧನ ಪಟ. ಅದರ ಪಕ್ಕದಲ್ಲಿ, ಹಳದಿಯಾದ ನನ್ನ ಹಾಳೆ.

"ಬರ್ರಿ ಆಚಾರ್ರ, ಕುಂದರ್ರಿ. ಬಾಳ ತಡಾ ಮಾಡಿದ್ರಿ."

ಗುರುತು ಹಿಡಿದದ್ದು ಅವನೇ. ನಾನು ಹಾಳೆಯ ಹತ್ತಿರ ಹೋದೆ. ಅದನ್ನು ಒಂದೇ ಮೊಳೆಯಿಂದ ಗೋಡೆಗೆ ಹೊಡೆದಿದ್ದ. ಮೊಳೆ ಮೇಲಂಚಿನಲ್ಲಿರಲಿಲ್ಲ. ಹಾಳೆಯ ನಡುವೆ, ಹದಿನಾರನೆಯ ಭಾಗದ ತುದಿಯಲ್ಲಿ ಸರಿಯಾಗಿ ಹೊಕ್ಕಿತ್ತು.

"ತೂತು ಇರಲಿಲ್ಲಲ್ರಿ. ನಾನ ಹಾಕೇನಿ."

ಇಬ್ಬರೂ ನಕ್ಕೆವು. ನಾನು ಮೊದಲು ಕಂಪ್ಯೂಟರಿನ ಸಂಗತಿ ಹೇಳಿದೆ. ಬಿಚ್ಚಿದವನು ನಾನೇ, ನೀನಲ್ಲ.

"ನನಗ ಆವತ್ತ ಗೊತ್ತಿತ್ರಿ, ನಾನಲ್ಲ ಅಂತ" ಎಂದ.

ಆಮೇಲೆ, ನನ್ನ ಒಳ್ಳೆಯ ಭಾಗಕ್ಕೆ ಬಂದೆ. ಅಂದು ಹಿರೇಕೆರೂರಿನಲ್ಲಿ ನಾನು ಎದ್ದು ನಿಂತು ಹೇಳಿದ ಮಾತು ನೆನಪಿದೆಯೇ ಎಂದೆ.

ಅವನು ಪಂಪಿನ ವಾಷರನ್ನು ಒರೆಸಿ ಅದರ ಜಾಗದಲ್ಲಿಟ್ಟ.

"ಎದ್ದು ನಿಂತಿದ್ದು ಖರೇರಿ. ಮಾತಾಡಲಿಲ್ಲ. ನೀರು ಕೇಳಿದ್ರಿ."

"ನೀರು?"

"ಹೂಂನ್ರಿ. ಬಾಯಿ ಒಣಗಿತ್ತು ನಿಮಗ. ನಿಮ್ಮ ತಂಬಿಗಿ ಜೀಪಿನ್ಯಾಗ ಉಳದಿತ್ತು. ಬಾಜೂಕ ನಾ ಇದ್ನೆಲ್ರಿ, ನನ್ನ ಕ್ಯಾನ್ ಹಿಡದೆ. ನೀವು ಕ್ಯಾನ್ ನೋಡಿದ್ರಿ, ನನ್ನ ನೋಡಿದ್ರಿ. ಬ್ಯಾಡ ಅಂತ ಕೈ ಮಾಡಿ ಕುಂತ್ರಿ. ಅದನ್ನ ನೋಡಿ ಗೌಡ್ರು ಹಾಳಿ ಮಡಚಿದ್ರು. ಇಂವ ಏನ್ ಹೇಳ್ತಾನ, ಬಿಡ್ರಿ ಅಂದ್ರು."

ಅವನ ದನಿಯಲ್ಲಿ ದೂರಿರಲಿಲ್ಲ. ಪಂಪಿನಲ್ಲಿ ಎಲ್ಲಿ ಸವೆದಿದೆ ಎಂದು ತೋರಿಸುವವನ ದನಿ. ಅವನದೂ ನೆನಪೇ, ಅದನ್ನೂ ಅನುಮಾನಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮುಚ್ಚಿಡಲು ಅವನಿಗೆ ಏನೂ ಇರಲಿಲ್ಲ. ನನ್ನ ಆ ಗಟ್ಟಿ ದನಿಯ ಮಾತು ಹದಿನೇಳನೆಯ ಭಾಗದ ಹಾಗೆ ಗಾಳಿಯಲ್ಲಿ ತೇಲುತ್ತಿತ್ತು. ಅದು ಹೋಗಿ ಕೂರಬೇಕಾದ ಕಡೆ ತೂತು ಇರಲಿಲ್ಲ. ತೂತನ್ನು ಬೇಕೆಂದೇ ಬಿಟ್ಟೆನೋ, ಅಂಕಿ ತಿದ್ದುವ ಅವಸರದಲ್ಲಿ ಮರೆತೆನೋ, ಅದನ್ನು ಕೇಳಲು ಗೋಡೆಯ ಮೇಲಿನ ಹಾಳೆಯನ್ನು ಬಿಟ್ಟರೆ ಯಾರೂ ಇರಲಿಲ್ಲ.

ಭೀಮಪ್ಪ ಎದ್ದು ಕೈ ತೊಳೆದುಕೊಂಡು ಒಳಗೆ ಹೋದ. ಒಂದು ಸ್ಟೀಲಿನ ಲೋಟದಲ್ಲಿ ನೀರು ತಂದು ನನ್ನ ಮುಂದೆ ಹಿಡಿದ.

"ಬಿಸಲಾಗ ಬಂದೀರಿ. ತಗೋರಿ."

ಬಾಯಾರಿಕೆ ಇರಲಿಲ್ಲ. ತೆಗೆದುಕೊಂಡು ಕುಡಿದೆ. ಪೂರ್ತಿ ಕುಡಿದೆ ಎಂದು ಬರೆಯುತ್ತಿದ್ದೇನೆ. ಅನುಮಾನವಿದ್ದವರು ಸವಣೂರಿಗೆ ಹೋಗಿ ಭೀಮಪ್ಪನನ್ನು ಕೇಳಬಹುದು.